ಸಾನ್ಸಾಗೊಂದು ನ್ಯಾಯ, ಹೌಂಡ್‌ಗೊಂದು ನ್ಯಾಯ: ವೀಕ್ಷಕ ಮಿತ್ರರಿಗೆ ಬಹಿರಂಗ ಪತ್ರ

‘ಗೇಮ್ ಆಫ್ ಥ್ರೋನ್ಸ್’ ನೋಡಿ ಸಾನ್ಸಾ ಸ್ಟಾರ್ಕ್‌ಗೆ ಇವತ್ತಿಗೂ ಬೈಯುತ್ತಿರುವ ಎಲ್ಲ ವೀಕ್ಷಕರಿಗೆ,

ನಮಸ್ಕಾರ.

ಸೀರೀಸ್ ಮುಗಿದು ವರ್ಷಗಳೇ ಆದವು. 2011ರ ಏಪ್ರಿಲ್‌ನಲ್ಲಿ ಎಚ್‌ಬಿಒದಲ್ಲಿ ಶುರುವಾಯಿತು, 2019ರ ಮೇ ತಿಂಗಳಲ್ಲಿ ಮುಗಿಯಿತು. 8 ಸೀಸನ್, 73 ಎಪಿಸೋಡ್. ಅಷ್ಟರಲ್ಲಿ ನಾವು ನೋಡಿದ ಕೊಲೆ, ಮೋಸ, ದ್ರೋಹಗಳಿಗೆ ಲೆಕ್ಕವೇ ಇಲ್ಲ. ಎಷ್ಟನ್ನೋ ಮರೆತಿದ್ದೇವೆ, ಎಷ್ಟನ್ನೋ ಕ್ಷಮಿಸಿದ್ದೇವೆ. ಒಂದು ಸಿಟ್ಟು ಮಾತ್ರ ಹಾಗೇ ಉಳಿದಿದೆ. ಎರಡನೇ ಎಪಿಸೋಡ್‌ನಲ್ಲಿ ಸಾನ್ಸಾ ತನ್ನ ತಂಗಿ ಆರ್ಯಾಳ ಪರ ನಿಲ್ಲಲಿಲ್ಲ ಎಂಬ ಸಿಟ್ಟು. ಈಗ ಮೊದಲ ಸಲ ನೋಡುತ್ತಿರುವವರೂ ಆ ಜಾಗಕ್ಕೆ ಬಂದ ಕೂಡಲೇ ಅದೇ ರಾಗ ಎಳೆಯುತ್ತಾರೆ. ಮನೆಹಾಳಿ. ಬೆನ್ನಿಗೆ ಚೂರಿ ಹಾಕಿದವಳು. ಒಡಹುಟ್ಟಿದವಳನ್ನೇ ಬಿಟ್ಟುಕೊಟ್ಟವಳು.

ಈ ಪತ್ರ ಆ ಸಿಟ್ಟಿನ ಬಗ್ಗೆ. ಅಕ್ಕ ತಂಗಿಗೆ ದ್ರೋಹ ಮಾಡಿದರೆ ಕರುಳು ಉರಿಯುವುದು ಸಹಜ, ಅದು ಬೇಡ ಎನ್ನುತ್ತಿಲ್ಲ. ಆದರೆ ಈ ಕಥೆಯಲ್ಲಿ ಆ ಸಿಟ್ಟು ತಲುಪಬೇಕಾದವರಿಗೆ ತಲುಪಲೇ ಇಲ್ಲ. ಒಂದು ಹುಡುಗಿಯ ತಲೆಯ ಮೇಲೆ ಪೂರ್ತಿ ಸುರಿದುಹೋಯಿತು. ಕಥೆ ಇನ್ನೂ ಪೂರ್ತಿ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಗುಟ್ಟೂ ಬಯಲಾಗುತ್ತದೆ.

ಆ ದೃಶ್ಯವನ್ನೇ ಇನ್ನೊಮ್ಮೆ ನಿಧಾನವಾಗಿ ನೋಡೋಣ, ಅಲ್ವಾ? ನದಿ ದಡದಲ್ಲಿ ಆರ್ಯಾ ಮತ್ತು ಕಟುಕನ ಮಗ ಮೈಕಾ ಕೋಲು ಹಿಡಿದು ಕತ್ತಿವರಸೆ ಆಡುತ್ತಿರುತ್ತಾರೆ. ಸಾನ್ಸಾಳ ಜೊತೆ ಅಲ್ಲಿಗೆ ಬಂದ ರಾಜಕುಮಾರ ಜಾಫ್ರಿ ಆ ಹುಡುಗನ ಕೆನ್ನೆಗೆ ಕತ್ತಿ ಒತ್ತುತ್ತಾನೆ. ಆರ್ಯಾ ಜಾಫ್ರಿಗೆ ಬಾರಿಸುತ್ತಾಳೆ. ಅವಳ ತೋಳ ನೈಮೀರಿಯಾ ಅವನ ಕೈ ಕಚ್ಚುತ್ತದೆ. ಆಮೇಲೆ ವಿಚಾರಣೆ. ರಾಜ ರಾಬರ್ಟ್ ಕೂತಿದ್ದಾನೆ. ಪಕ್ಕದಲ್ಲಿ ರಾಣಿ ಸೆರ್ಸಿ. ಕೈಗೆ ಪಟ್ಟಿ ಕಟ್ಟಿಕೊಂಡ ಜಾಫ್ರಿ. ಸುತ್ತ ರಾಣಿಯ ತವರಾದ ಲ್ಯಾನಿಸ್ಟರ್ ಮನೆತನದ ಸೈನಿಕರು. ‘ನಿನ್ನ ಇನ್ನೊಬ್ಬ ಮಗಳು ಎಲ್ಲಿ’ ಎಂದು ನೆಡ್ ಸ್ಟಾರ್ಕ್‌ನನ್ನು ಕೇಳುತ್ತಾರೆ. ಮಲಗಿದ್ದಾಳೆ ಎನ್ನುತ್ತಾನೆ ಆ ತಂದೆ. ಇಲ್ಲ ಎನ್ನುತ್ತಾಳೆ ಸೆರ್ಸಿ, ಬಾರಮ್ಮ ಎಂದು ಸಾನ್ಸಾಳನ್ನು ಮುಂದೆ ಕರೆಯುತ್ತಾಳೆ.

ಇಲ್ಲಿ ಒಂದು ಕ್ಷಣ ನಿಲ್ಲಿಸಿ. ಮಗಳು ಹಾಸಿಗೆಯಲ್ಲಿದ್ದಾಳೆ ಅಂತ ತಂದೆ ತಿಳಿದಿದ್ದಾನೆ. ಅವಳನ್ನು ಎಬ್ಬಿಸಿ ಆ ಕೋಣೆಗೆ ತಂದು ನಿಲ್ಲಿಸಿರುವುದು ರಾಣಿಯ ಕಡೆಯವರು. ಅಪ್ಪನಿಗೇ ಗೊತ್ತಿಲ್ಲ. ಅವಳಿಗೆ 13 ವರ್ಷ. ಒಂದು ಕಡೆ ತಂಗಿ, ಇನ್ನೊಂದು ಕಡೆ ತಾನು ಮದುವೆಯಾಗಬೇಕಾದ ಹುಡುಗ ಮತ್ತು ಅತ್ತೆಯಾಗಲಿರುವ ರಾಣಿ. ಅವಳು ಹೇಳಿದ್ದು ಇಷ್ಟೇ: ನನಗೆ ಗೊತ್ತಿಲ್ಲ, ನೆನಪಿಲ್ಲ, ಎಲ್ಲ ಬೇಗ ಬೇಗ ಆಗಿಹೋಯಿತು, ನಾನು ನೋಡಲಿಲ್ಲ.

ಸುಳ್ಳು ಹೌದು. ಆದರೆ ಯಾವ ಸುಳ್ಳು ಅಂತ ಗಮನಿಸಿ. ಜಾಫ್ರಿ ಅಲ್ಲಿ ಒಂದು ಕಥೆ ಕಟ್ಟಿದ್ದ. ಇವರೇ ನನ್ನ ಮೇಲೆ ಬಿದ್ದರು, ತೋಳವನ್ನು ಛೂ ಬಿಟ್ಟರು ಎಂದಿದ್ದ. ಸಾನ್ಸಾ ಅದಕ್ಕೆ ಹೂಂ ಎನ್ನಲಿಲ್ಲ. ತಂಗಿಯ ಮೇಲೆ ಒಂದೇ ಒಂದು ದೂರು ಹೇಳಲಿಲ್ಲ. ನಿಜ ಹೇಳುವ ಧೈರ್ಯ ಬರಲಿಲ್ಲ, ಅಷ್ಟೇ. ಆರ್ಯಾ ‘ಸುಳ್ಳಿ’ ಎಂದು ಅವಳ ಕೂದಲು ಹಿಡಿದು ಎಳೆಯುತ್ತಾಳೆ. ಆ ವಯಸ್ಸಿನ ತಂಗಿಗೆ ಸಿಟ್ಟು ಬರುವುದು ನ್ಯಾಯವೇ. ಸೋಫಾದ ಮೇಲೆ ಕೂತು ನೋಡುವ ದೊಡ್ಡವರಿಗೆ ಅದೇ ಸಿಟ್ಟು ಯಾಕೆ ಬರಬೇಕು?

ಮತ್ತೆ ಶಿಕ್ಷೆ ಯಾರಿಗೆ ಆಯಿತು? ನೈಮೀರಿಯಾಳನ್ನು ಆರ್ಯಾ ಮೊದಲೇ ಕಲ್ಲು ಹೊಡೆದು ಓಡಿಸಿ ಉಳಿಸಿದ್ದಳು. ಹಾಗಾಗಿ ಯಾರನ್ನೂ ಕಚ್ಚದ ಲೇಡಿಯನ್ನು, ಅಂದರೆ ಸಾನ್ಸಾಳ ತೋಳವನ್ನು ಕೊಲ್ಲಬೇಕು ಎಂದಳು ರಾಣಿ. ನೆಡ್ ತನ್ನ ಕೈಯಾರೆ ಅದನ್ನು ಕೊಂದ. ಆ ಹೊತ್ತಿನಲ್ಲಿ ‘ಲೇಡಿ ಅಲ್ಲಿ ಇರಲೇ ಇಲ್ಲ, ಅವಳನ್ನು ಬಿಟ್ಟುಬಿಡಿ’ ಎಂದು ಕೂಗಿದ್ದು ಯಾರು? ಆರ್ಯಾ. ಒಂದು ನಿಮಿಷದ ಹಿಂದೆ ಅಕ್ಕನ ಕೂದಲು ಎಳೆದವಳು ಅಕ್ಕನ ತೋಳಕ್ಕಾಗಿ ಅಳುತ್ತಾಳೆ. ಆ ತಂಗಿ ಅಷ್ಟು ಬೇಗ ಕಂಡದ್ದು ನಮಗೆ ಇಷ್ಟು ವರ್ಷ ಆದರೂ ಕಾಣಲಿಲ್ಲ.

ಇನ್ನು ಮೈಕಾ. ಆ ಹುಡುಗನ ಸಾವಿಗೂ ಸಾನ್ಸಾಳೇ ಕಾರಣ ಅಂತ ಜಾಸ್ತಿ ಜನ ಹೇಳುತ್ತಾರೆ. ಅವನನ್ನು ಕುದುರೆ ಮೇಲೆ ಬೆನ್ನಟ್ಟಿ ಕೊಂದವನು ಸ್ಯಾಂಡರ್ ಕ್ಲೆಗೇನ್, ನಾವೆಲ್ಲ ಹೌಂಡ್ ಎಂದು ಕರೆಯುವವನು. ಹುಡುಗ ಓಡಿದ, ಆದರೆ ಜೋರಾಗಿ ಓಡಲಿಲ್ಲ ಎಂದು ನೆಡ್‌ಗೆ ಹೇಳಿದವನೂ ಅವನೇ. ಆಮೇಲೆ ಏನಾಯಿತು? ಆರ್ಯಾಳ ಜೊತೆ ಊರೂರು ಅಲೆಯುವ ಹೌಂಡ್ ನಮಗೆ ಅಚ್ಚುಮೆಚ್ಚಾದ. ಅವನ ಬೈಗುಳದ ಮೇಲೆ ಮೀಮ್ ಮಾಡಿದೆವು. ಮೊದಲ ಎಪಿಸೋಡ್‌ನಲ್ಲೇ ಸಾನ್ಸಾಳ ತಮ್ಮ, ಏನೂ ಅರಿಯದ ಬ್ರಾನ್‌ನನ್ನು ಗೋಪುರದ ಕಿಟಕಿಯಿಂದ ತಳ್ಳಿದ ಜೇಮಿ ನಮಗೆ ಹೀರೋ ಆದ. ತನ್ನನ್ನು ಬೆಳೆಸಿದ ಮನೆಯನ್ನೇ ಕಬಳಿಸಿ, ಇಬ್ಬರು ರೈತರ ಮಕ್ಕಳನ್ನು ಸುಟ್ಟು ತೂಗುಹಾಕಿದ ಥಿಯಾನ್‌ಗಾಗಿ ಕಣ್ಣೀರು ಹಾಕಿದೆವು. ಇವರನ್ನೆಲ್ಲ ಕ್ಷಮಿಸಿದ್ದು ತಪ್ಪು ಎನ್ನುವುದಿಲ್ಲ. ಮನುಷ್ಯ ಬದಲಾಗುತ್ತಾನೆ ಎಂದು ನಂಬಿಸಿದ್ದೇ ಆ ಕಥೆಯ ದೊಡ್ಡ ಗುಣ. ಅಕ್ಕನ ಹಗೆ, ಬಾವನ ನಂಟು ಅಂತ ನಮ್ಮಲ್ಲಿ ಗಾದೆಯೇ ಇದೆ. ಕೊಂದವನ ಜೊತೆ ನಂಟು ಬೆಳೆಸಿಕೊಂಡ ನಾವು ‘ನೆನಪಿಲ್ಲ’ ಎಂದವಳ ಮೇಲೆ ಹಗೆ ಉಳಿಸಿಕೊಂಡೆವು.

ಯಾಕೆ ಹೀಗೆ? ನಮ್ಮ ಮನೆಗಳಲ್ಲಿ ಅಕ್ಕ ಅಂದರೆ ಎರಡನೇ ತಾಯಿ. ತಾನು ಹೊಡೆತ ತಿಂದಾದರೂ ತಂಗಿಯನ್ನು ಕಾಯಬೇಕು. ಪೆಟ್ಟಿಗೆಯಲ್ಲಿನ ಕೊನೆಯ ಲಾಡುವನ್ನೂ ಚಿಕ್ಕವಳಿಗೆ ಬಿಡಬೇಕು. ಆ ಅಳತೆಗೋಲು ಹಿಡಿದು ನೋಡಿದರೆ ಸಾನ್ಸಾ ಸೋತಳು. ಮೇಲಾಗಿ ಅವಳಿಗೆ ಚಂದದ ಬಟ್ಟೆ, ಹೊಲಿಗೆ, ರಾಜಕುಮಾರನ ಕನಸು ಇಷ್ಟ. ಆರ್ಯಾಗೆ ಕತ್ತಿ ಇಷ್ಟ. ಕತ್ತಿ ಹಿಡಿದ ಹುಡುಗಿ ನಮಗೆ ಧೀರೆಯಾಗಿ ಕಂಡಳು, ಸೂಜಿ ಹಿಡಿದವಳು ದಡ್ಡಿಯಾಗಿ ಕಂಡಳು. ದಡ್ಡಿ ಮಾಡಿದ ತಪ್ಪಿಗೆ ನಮ್ಮಲ್ಲಿ ಮಾಫಿ ಕಡಿಮೆ.

ಕಾದಂಬರಿ ಓದಿದವರು ಇನ್ನೊಂದು ಮಾತು ತೆಗೆಯುತ್ತಾರೆ. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಬರೆದ ಮೊದಲ ಸಂಪುಟದಲ್ಲಿ, ಅಪ್ಪ ತಮ್ಮನ್ನು ಊರಿಗೆ ಕಳಿಸುತ್ತಿದ್ದಾನೆ ಎಂದು ಸಾನ್ಸಾ ಹೋಗಿ ಸೆರ್ಸಿಗೆ ಹೇಳುತ್ತಾಳೆ. ನಿಜ. ಪುಸ್ತಕದಲ್ಲಿ ಅವಳಿಗೆ 11 ವರ್ಷ. ಆದರೆ ಟಿವಿಯಲ್ಲಿ ಆ ಘಟನೆ ಇಲ್ಲ. ಪುಸ್ತಕದ ತಪ್ಪನ್ನು ಟಿವಿ ಸಾನ್ಸಾಳ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಈ ಸೀರೀಸ್‌ನಲ್ಲಿ ಒಡಹುಟ್ಟಿದವಳಿಗೆ ಮಾಡಿದ ಮಹಾದ್ರೋಹ ಒಂದಿದೆ. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಅದನ್ನು ಮಾಡಿದವಳು ಸಾನ್ಸಾ ಅಲ್ಲ, ಅವಳ ಚಿಕ್ಕಮ್ಮ ಲೈಸಾ ಆರಿನ್.

ಮೊದಲ ಎಪಿಸೋಡ್ ನೆನಪು ಮಾಡಿಕೊಳ್ಳಿ. ರಾತ್ರಿ ಸ್ಟಾರ್ಕ್ ಮನೆಯವರ ಕೋಟೆ ವಿಂಟರ್‌ಫೆಲ್‌ಗೆ ಒಂದು ಪತ್ರ ಬರುತ್ತದೆ. ಬರೆದಿರುವುದು ಲೈಸಾ, ತನ್ನ ಅಕ್ಕ, ಅಂದರೆ ಸಾನ್ಸಾಳ ತಾಯಿ ಕ್ಯಾಟ್ಲಿನ್‌ಗೆ. ನನ್ನ ಗಂಡನನ್ನು ಕೊಂದಿದ್ದಾರೆ, ಕೊಂದವರು ಲ್ಯಾನಿಸ್ಟರ್‌ಗಳು ಎಂದು ಅದರಲ್ಲಿದೆ. ಕ್ಯಾಟ್ಲಿನ್ ಓದಿ ಬೆಂಕಿಗೆ ಹಾಕುತ್ತಾಳೆ. ತಂಗಿಯ ಮಾತು, ಅನುಮಾನ ಯಾಕೆ ಪಡಬೇಕು? ಆ ಮಾತು ನಂಬಿಯೇ ನೆಡ್ ರಾಜಧಾನಿಯಲ್ಲಿ ಕೊಲೆಗಾರನನ್ನು ಹುಡುಕಲು ಹೊರಟ, ತಲೆ ಕಳೆದುಕೊಂಡ. ಮುಂದೆ ಮಗ ರಾಬ್‌ಗೆ ಸೈನ್ಯ ಬೇಕಾದಾಗ, ಅಕ್ಕ ಬೇಡಿಕೊಂಡರೂ ಲೈಸಾ ತನ್ನ ಸೈನಿಕರನ್ನು ಕಳಿಸಲಿಲ್ಲ. ಬೆಟ್ಟದ ಮೇಲಿನ ಕೋಟೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. 2013ರ ಜೂನ್‌ನಲ್ಲಿ ಪ್ರಸಾರವಾದ ಆ ಮದುವೆ ಮನೆಯ ಹತ್ಯಾಕಾಂಡದಲ್ಲಿ ಕ್ಯಾಟ್ಲಿನ್ ಸತ್ತಳು. ತಂಗಿ ಬರೆದದ್ದು ಸುಳ್ಳು ಅಂತ ಅವಳಿಗೆ ಕೊನೆವರೆಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ನಮಗೆ, 2014ರಲ್ಲಿ, ನಾಲ್ಕನೇ ಸೀಸನ್‌ನ ಐದನೇ ಎಪಿಸೋಡ್‌ನಲ್ಲಿ. ತಾನು ಪ್ರೀತಿಸುತ್ತಿದ್ದ ಸಂಚುಗಾರ ಲಿಟಲ್‌ಫಿಂಗರ್ ಮನೆಗೆ ಬಂದ ಖುಷಿಯಲ್ಲಿ ಲೈಸಾ ಎಲ್ಲ ಬಾಯಿ ಬಿಡುತ್ತಾಳೆ. ನಿನಗೋಸ್ಕರ ಗಂಡನ ದ್ರಾಕ್ಷಾರಸದಲ್ಲಿ ವಿಷ ಬೆರೆಸಿದೆ, ನೀನು ಹೇಳಿದ ಹಾಗೇ ಅಕ್ಕನಿಗೆ ಪತ್ರ ಬರೆದೆ ಎನ್ನುತ್ತಾಳೆ. ಒಂದೆರಡು ಮಾತು, ಅಷ್ಟೇ. ಅಲ್ಲಿಯವರೆಗೆ ನೋಡಿದ ನಾಲ್ಕು ವರ್ಷದ ಯುದ್ಧಕ್ಕೆ ಕಿಡಿ ಹಚ್ಚಿದ್ದು ಒಬ್ಬ ತಂಗಿಯ ಕೈಬರಹ ಎಂದು ಆಗ ತಿಳಿಯುತ್ತದೆ.

ನಾವೇನು ಮಾಡಿದೆವು? ಲೈಸಾಳನ್ನು ಹುಚ್ಚಿ ಎಂದು ನಕ್ಕೆವು. ಬೆಳೆದ ಮಗನಿಗೆ ಎದೆಹಾಲು ಕೊಡುವ ದೃಶ್ಯವನ್ನು ಆಡಿಕೊಂಡೆವು. ಎರಡು ಎಪಿಸೋಡ್ ಆದಮೇಲೆ ಲಿಟಲ್‌ಫಿಂಗರ್ ಅವಳನ್ನು ಪಾತಾಳಕ್ಕೆ ತಳ್ಳಿದಾಗ ಪೀಡೆ ತೊಲಗಿತು ಎಂದೆವು. ತಳ್ಳುವ ಮೊದಲು ಅವನು, ನಾನು ಜೀವನದಲ್ಲಿ ಒಬ್ಬಳನ್ನೇ ಪ್ರೀತಿಸಿದ್ದು, ನಿನ್ನ ಅಕ್ಕನನ್ನು ಎನ್ನುತ್ತಾನೆ. ಅದನ್ನು ಕೇಳಿದಾಗ ಲೈಸಾಳ ಮುಖ ನೋಡಿ. ಯಾರಿಗಾಗಿ ಅಕ್ಕನ ಮನೆಯನ್ನೇ ನಾಶ ಮಾಡಿದಳೋ ಅವನ ಬಾಯಿಂದಲೇ ಆ ಹೆಸರು ಕೇಳಬೇಕಾಯಿತು. ಕೇಟ್ ಡಿಕ್ಕಿ ಆ ಒಂದು ಕ್ಷಣವನ್ನು ಅಭಿನಯಿಸಿರುವ ರೀತಿಗೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ.

ಕದ್ರು ಮತ್ತು ವಿನತೆಯ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕುದುರೆಯ ಬಾಲ ಬಿಳಿಯೋ ಕಪ್ಪೋ ಎಂದು ಅಕ್ಕ ತಂಗಿಯರ ಪಣ. ಗೆಲ್ಲಲು ಕದ್ರು ತನ್ನ ನಾಗ ಮಕ್ಕಳನ್ನು ಬಾಲಕ್ಕೆ ಸುತ್ತಿಕೊಳ್ಳುವಂತೆ ಮಾಡುತ್ತಾಳೆ. ಒಡಹುಟ್ಟಿದ ವಿನತೆ ದಾಸಿಯಾಗುತ್ತಾಳೆ. ಆ ಕಥೆ ಕೇಳುವಾಗ ಮೋಸ ಮಾಡಿದವರು ಯಾರು, ಸೋತವರು ಯಾರು ಎಂದು ಮಕ್ಕಳಿಗೂ ಗೊಂದಲ ಆಗುವುದಿಲ್ಲ. ಕದ್ರುವಿನ ಮೇಲೆ ಬರಬೇಕಾದ ಸಿಟ್ಟು ಕದ್ರುವಿನ ಮೇಲೇ ಬರುತ್ತದೆ. ಇಲ್ಲಿ ಮಾತ್ರ ನಮ್ಮ ಲೆಕ್ಕ ತಪ್ಪಿತು.

ಲೆಕ್ಕ ತಪ್ಪಿದ್ದರಲ್ಲಿ ಸೀರೀಸ್ ಮಾಡಿದವರ ಪಾಲೂ ಇದೆ. ಅದನ್ನು ಬಿಡಿಸಿ ಹೇಳಲು ಏಳನೇ ಸೀಸನ್‌ಗೆ ಬರಬೇಕು.

2017ರ ಜುಲೈ, ಆಗಸ್ಟ್. ಅಮೆರಿಕದಲ್ಲಿ ಭಾನುವಾರ ರಾತ್ರಿ, ನಮಗೆ ಸೋಮವಾರ ಬೆಳಿಗ್ಗೆ. ಕೆಲಸಕ್ಕೆ ಹೋಗುವ ಮೊದಲೇ ನೋಡಿ ಮುಗಿಸದಿದ್ದರೆ ಯಾರಾದರೂ ಕಥೆ ಹೇಳಿಬಿಡುತ್ತಾರೆ ಎಂಬ ಗಡಿಬಿಡಿ ಎಲ್ಲರಿಗೂ ನೆನಪಿರಬಹುದು. ನಾಲ್ಕನೇ ಎಪಿಸೋಡ್ ಪ್ರಸಾರಕ್ಕೆ ಮೊದಲೇ ಭಾರತದಿಂದ ಸೋರಿಕೆಯಾಗಿ, ಮುಂಬೈ ಕಡೆ 4 ಜನರ ಬಂಧನವೂ ಆಯಿತು. ಅಕ್ಕ ತಂಗಿ ಅಷ್ಟು ವರ್ಷದ ಮೇಲೆ ಅಪ್ಪನ ಸಮಾಧಿಯ ಮುಂದೆ ಮತ್ತೆ ಸೇರಿದ್ದು ಅದೇ ಎಪಿಸೋಡ್‌ನಲ್ಲಿ. ಆ ಅಪ್ಪುಗೆ ನೋಡಿ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬಳು.

ಮುಂದಿನ ಎಪಿಸೋಡ್‌ಗೇ ಲಿಟಲ್‌ಫಿಂಗರ್ ಒಂದು ಹಳೇ ಪತ್ರ ಹೊರಗೆ ತೆಗೆದ. ಮೊದಲ ಸೀಸನ್‌ನಲ್ಲಿ ಸೆರ್ಸಿ ಒತ್ತಾಯಿಸಿ ಸಾನ್ಸಾಳ ಕೈಯಲ್ಲಿ ಬರೆಸಿದ ಪತ್ರ. ಅಪ್ಪ ದ್ರೋಹಿ, ಅಣ್ಣ ಬಂದು ಹೊಸ ರಾಜನಿಗೆ ತಲೆಬಾಗಬೇಕು ಎಂದು ಅದರಲ್ಲಿತ್ತು. ಬರೆಸುವಾಗ ಆ ಕೋಣೆಯಲ್ಲಿ ಲಿಟಲ್‌ಫಿಂಗರ್ ಕೂಡ ಇದ್ದ. ಈಗ ಅದನ್ನೇ ಹಾಸಿಗೆಯಡಿ ಇಟ್ಟು, ಆರ್ಯಾ ಕದ್ದು ಓದುವ ಹಾಗೆ ಮಾಡಿದ. ಆರ್ಯಾ ನಂಬಿದಳು. ನಮ್ಮಲ್ಲೂ ಎಷ್ಟೋ ಜನ ‘ನಾನು ಅವತ್ತೇ ಹೇಳಿರಲಿಲ್ವಾ’ ಎಂದರು. ಆದರೆ ಆ ಪತ್ರದ ತೀರ್ಪು 2011ರಲ್ಲೇ ಆಗಿತ್ತು. ಅದು ವಿಂಟರ್‌ಫೆಲ್ ತಲುಪಿದ ದಿನವೇ ಆ ಮನೆಯ ಗುರು, ಮುದುಕ ಲುವಿನ್ ರಾಬ್‌ಗೆ, ಕೈಬರಹ ನಿನ್ನ ತಂಗಿಯದು, ಮಾತು ರಾಣಿಯದು ಎಂದು ಹೇಳಿ ಮುಗಿಸಿದ್ದ. ಒಂದೇ ಸಾಲು. ಅದಕ್ಕಿಂತ ಸರಿಯಾದ ನ್ಯಾಯ ಇಡೀ ಸೀರೀಸ್‌ನಲ್ಲಿ ಇನ್ನೊಂದಿಲ್ಲ.

ಆರನೇ ಎಪಿಸೋಡ್‌ನಲ್ಲಿ, ಸತ್ತವರ ಮುಖ ಧರಿಸುವ ವಿದ್ಯೆ ಕಲಿತಿದ್ದ ಆರ್ಯಾ ಕಠಾರಿ ಹಿಡಿದು ಸಾನ್ಸಾಳ ಹತ್ತಿರ ಬರುತ್ತಾಳೆ. ನಿನ್ನ ಮುಖ ತೆಗೆದು ನಾನೇ ಹಾಕಿಕೊಳ್ಳಬಹುದು ಎನ್ನುವ ಅರ್ಥದ ಮಾತಾಡುತ್ತಾಳೆ. ಮತ್ತೆ ಕಠಾರಿಯನ್ನು ತಿರುಗಿಸಿ ಅಕ್ಕನ ಕೈಗೇ ಕೊಟ್ಟು ಹೋಗುತ್ತಾಳೆ. ಆ ಒಂದು ವಾರ ನಮ್ಮಲ್ಲಿ ಎರಡು ಪಂಗಡ. ಅಕ್ಕನನ್ನು ತಂಗಿ ಕೊಲ್ಲುತ್ತಾಳೆ ಎನ್ನುವವರು, ಇಬ್ಬರೂ ಸೇರಿ ನಾಟಕ ಆಡುತ್ತಿದ್ದಾರೆ ಎನ್ನುವವರು. ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂಬ ಮಾತನ್ನು ಆ ವಾರದಲ್ಲಿ ಕೇಳಿದಷ್ಟು ಯಾವತ್ತೂ ಕೇಳಿಲ್ಲ. ಆ ಸೀಸನ್‌ನ ಕೊನೆಯ ಎಪಿಸೋಡ್‌ನಲ್ಲಿ ಸಾನ್ಸಾ ಸಭೆ ಕರೆದು ಕೊಲೆ, ದ್ರೋಹ ಎಂದು ಆರೋಪ ಓದಿ, ಆರ್ಯಾಳ ಕಡೆಯಿಂದ ಲಿಟಲ್‌ಫಿಂಗರ್ ಕಡೆ ತಿರುಗಿದಳು. ನೀನು ನನ್ನ ಚಿಕ್ಕಮ್ಮನನ್ನು ತಳ್ಳಿ ಕೊಂದೆ, ಅವಳ ಕೈಯಲ್ಲಿ ಗಂಡನಿಗೆ ವಿಷ ಹಾಕಿಸಿದೆ, ಅಮ್ಮನಿಗೆ ಪತ್ರ ಬರೆಸಿದೆ ಎಂದು ಒಂದೊಂದೇ ಹೇಳಿದಳು. ಆರ್ಯಾ ಅವನ ಕತ್ತು ಕೊಯ್ದಳು.

ಹೆಣ್ಣಿಗೆ ಹೆಣ್ಣೇ ಶತ್ರು ಎನ್ನುವವರು ಆ ಆರೋಪಗಳನ್ನು ಒಮ್ಮೆ ಓದಬೇಕು. ಎರಡು ಪತ್ರ, ಎರಡು ಜೋಡಿ ಅಕ್ಕ ತಂಗಿ, ಎರಡರ ಮಧ್ಯೆಯೂ ಅದೇ ಒಬ್ಬ ಗಂಡಸು. ಲೈಸಾ ಅವನ ಮಾತು ಕೇಳಿ ಅಕ್ಕನನ್ನು ಕಳೆದುಕೊಂಡಳು. ಸಾನ್ಸಾ ಮತ್ತು ಆರ್ಯಾ ಕೇಳಲಿಲ್ಲ. ಕಥೆ ಇಷ್ಟು ಚೆನ್ನಾಗಿತ್ತು.

ಹಾಗಿದ್ದರೆ ನನ್ನ ದೂರು ಏನು? ಸೀರೀಸ್ ಮಾಡಿದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್, ಈ ಮಾತು ನಿಮಗೆ. ಅಕ್ಕ ತಂಗಿ ಯಾವಾಗ ಒಂದಾದರು ಅಂತ ನೀವು ನಮಗೆ ತೋರಿಸಲೇ ಇಲ್ಲ. ಕಠಾರಿಯ ಆ ದೃಶ್ಯ ನಡೆಯುವ ಕೋಣೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಅದು ನಾಟಕ ಆಗಿದ್ದರೆ ಯಾರಿಗಾಗಿ ಆಡಿದರು? ನಿಜವಾದ ಜಗಳ ಆಗಿದ್ದರೆ ಯಾವಾಗ ಮುಗಿಯಿತು? ಸಾನ್ಸಾ ಬ್ರಾನ್‌ನ ಬಾಗಿಲು ತಟ್ಟಿ ಸಹಾಯ ಕೇಳುವ ದೃಶ್ಯವನ್ನು ಚಿತ್ರೀಕರಿಸಿ ಆಮೇಲೆ ಕತ್ತರಿಸಿದರು ಎಂದು ಬ್ರಾನ್ ಪಾತ್ರದ ಐಸಾಕ್ ಹೆಂಪ್‌ಸ್ಟೆಡ್ ರೈಟ್ ಸಂದರ್ಶನದಲ್ಲಿ ಹೇಳಿದರು. ಇಡೀ ಕಥೆಯಲ್ಲಿ ಸಾನ್ಸಾ ತನ್ನ ತಲೆಯಿಂದ ನಿಜ ಹುಡುಕಲು ಹೊರಟ ಗಳಿಗೆ ಅದು. ತಂಗಿಯನ್ನು ನಂಬುವುದೋ ಗುರುವಿನಂತಿದ್ದವನನ್ನು ನಂಬುವುದೋ ಎಂದು ಅವಳು ತೀರ್ಮಾನಿಸಿದ ಗಳಿಗೆ. ಒಂದು ನಿಮಿಷದ ಬೆರಗಿಗಾಗಿ ಅದನ್ನು ತೆಗೆದಿರಿ. ಸಾನ್ಸಾ ದ್ರೋಹಿ ಎಂದು ನಂಬಲು ನಾವು 6 ವರ್ಷದಿಂದ ತಯಾರಾಗಿದ್ದೆವು. ಆ ಹಳೇ ಸಿಟ್ಟನ್ನೇ ನೀವು ಬಂಡವಾಳ ಮಾಡಿಕೊಂಡಿರಿ.

ಇದೇ ಮೊದಲಲ್ಲ. 2015ರ ಮೇ ತಿಂಗಳಲ್ಲಿ ಸಾನ್ಸಾಳ ಮದುವೆ ರಾತ್ರಿಯ ಅತ್ಯಾಚಾರದ ದೃಶ್ಯ ಬಂದಾಗ ಅಮೆರಿಕದ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಇನ್ನು ಈ ಸೀರೀಸ್ ನೋಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. ಅಷ್ಟು ನರಳಿದ ಮೇಲೆ ನಮ್ಮಲ್ಲಿ ಕೆಲವರು ಸಾನ್ಸಾಳನ್ನು ‘ಈಗ ಪರವಾಗಿಲ್ಲ’ ಎಂದು ಒಪ್ಪಿಕೊಂಡರು. 2019ರಲ್ಲಿ ಅವಳ ಬಾಯಲ್ಲೇ, ನನ್ನನ್ನು ಹಿಂಸಿಸಿದವರೆಲ್ಲ ಇಲ್ಲದಿದ್ದರೆ ನಾನು ಪುಟ್ಟ ಹಕ್ಕಿಯಾಗೇ ಉಳಿಯುತ್ತಿದ್ದೆ ಎಂದು ಹೇಳಿಸಿದಿರಿ. ನಟಿ ಜೆಸಿಕಾ ಚಸ್ಟೈನ್ ಅದನ್ನು ಬಲವಾಗಿ ವಿರೋಧಿಸಿದರು, ನಾನೂ ಅವರ ಪರ. 13ರ ಹುಡುಗಿ ಹೇಳಿದ ಒಂದು ಸುಳ್ಳಿಗೆ ಇಂಥ ದಂಡ ಕಟ್ಟಿದ ಮೇಲಷ್ಟೇ ಕ್ಷಮೆ ಸಿಗಬೇಕಾ?

ವೀಕ್ಷಕ ಮಿತ್ರರೇ, ಬೈಗುಳ ಪಾತ್ರಕ್ಕೆ ಮಾತ್ರ ತಾಗುತ್ತದೆ ಅಂದುಕೊಳ್ಳಬೇಡಿ. ಸೀರೀಸ್ ಶುರುವಾದಾಗ ಸೋಫಿ ಟರ್ನರ್‌ಗೆ 15 ವರ್ಷ. ತನ್ನ ಮೈ, ಮುಖ, ನಟನೆ ಬಗ್ಗೆ ಜನ ಬರೆದದ್ದನ್ನೆಲ್ಲ ಓದಿ, ಅದನ್ನೇ ನಿಜ ಎಂದು ನಂಬಿ ಖಿನ್ನತೆ ಹೆಚ್ಚಾಯಿತು ಎಂದು 2019ರಲ್ಲಿ ಅವರೇ ಹೇಳಿಕೊಂಡಿದ್ದಾರೆ. ಲೇಡಿಯಾಗಿ ನಟಿಸಿದ ನಾಯಿಯನ್ನು ಅವರ ಮನೆಯವರೇ ಸಾಕಿಕೊಂಡರು. ಕಥೆಯಲ್ಲಿ ಆ ತೋಳ ಸತ್ತಾಗ ಸಾನ್ಸಾಗಾಗಿ ಮರುಗಿದವರು ಎಷ್ಟು ಜನ ಇದ್ದರು?

ಲಿಟಲ್‌ಫಿಂಗರ್ ಸತ್ತ ಮೇಲೆ ಕೋಟೆಯ ಗೋಡೆಯ ಮೇಲೆ ಅಕ್ಕ ತಂಗಿ ನಿಂತು ಮಾತಾಡುತ್ತಾರೆ. ನೀನು ಪಟ್ಟ ಕಷ್ಟ ನನ್ನಿಂದ ಆಗುತ್ತಿರಲಿಲ್ಲ ಎನ್ನುತ್ತಾಳೆ ಆರ್ಯಾ. ಆಗುತ್ತಿತ್ತು, ನಾನು ಕಂಡವರಲ್ಲೇ ಗಟ್ಟಿಗಿತ್ತಿ ನೀನು ಎನ್ನುತ್ತಾಳೆ ಸಾನ್ಸಾ. ಅವರಿಬ್ಬರ ಮಟ್ಟಿಗೆ ನದಿ ದಡದ ಆ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಈ ಸೀರೀಸ್ ಅನ್ನು ಈಗ ಮೊದಲ ಸಲ ನೋಡುತ್ತಿರುವ ಗೆಳೆಯರು ನಿಮಗೂ ಇದ್ದೇ ಇರುತ್ತಾರೆ. ಎರಡನೇ ಎಪಿಸೋಡ್‌ಗೆ ಮುಂಚೆ ‘ಇವಳ ಮೇಲೆ ಕಣ್ಣಿಡು, ಇವಳು ಸರಿ ಇಲ್ಲ’ ಎಂದು ಅವರ ಕಿವಿ ಊದಬೇಡಿ. ಸುಮ್ನೆ ಪಕ್ಕದಲ್ಲಿ ಕೂತಿರಿ. ಏನಾದರೂ ಹೇಳಲೇಬೇಕು ಅನಿಸಿದರೆ, ಮೊದಲ ಎಪಿಸೋಡ್‌ನಲ್ಲಿ ರಾತ್ರಿ ಬಂದ ಆ ಪತ್ರವನ್ನು ನೆನಪಿಟ್ಟುಕೊಳ್ಳಿ ಎಂದು ಹೇಳಿ.

ಇಂತಿ,
ನಿಮ್ಮ ಜೊತೆಗೇ ಎಲ್ಲ ಸೀಸನ್ ನೋಡಿದ ಒಬ್ಬ ವೀಕ್ಷಕಿ